ಊಟ ಮತ್ತು ಜೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಜೀನ್ ಟೆಸ್ಟ್ ಅಗ್ಗವಾದ ಮೇಲೆ "ನನ್ನ ಜೀನ್‌ಗೆ ಯಾವ ಊಟ ಸರಿ?" ಅನ್ನುವ ಪ್ರಶ್ನೆ ಜಾಸ್ತಿಯಾಗಿದೆ. ಕೆಲವೇ ಕೆಲವು ಜನರಿಗೆ ಇದಕ್ಕೆ ತುಂಬಾ ಖಚಿತವಾದ ಉತ್ತರ ಇದೆ, ಅವರ ಜೀವವೇ ಅದರ ಮೇಲೆ ನಿಂತಿದೆ. ಉಳಿದ ಬಹುಪಾಲು ಜನರಿಗೆ ಸಿಗುವ ಉತ್ತರ ಮಾತ್ರ ಮಾರುವವರು ಹೇಳುವಷ್ಟು ದೊಡ್ಡದಲ್ಲ. ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ಇಷ್ಟೊಂದು ಗೊಂದಲ.

ಜೀನ್‌ಗೂ ಊಟಕ್ಕೂ ಏನು ಸಂಬಂಧ?

ತಿಂದದ್ದನ್ನು ಒಡೆಯಲು, ಹೀರಿಕೊಳ್ಳಲು, ಕೂಡಿಡಲು, ಹೊರಹಾಕಲು ದೇಹಕ್ಕೆ ಪ್ರೋಟೀನ್‌ಗಳು ಬೇಕು. ಅವನ್ನು ಮಾಡುವ ವಿಧಾನ ಬರೆದಿಟ್ಟಿರುವುದು ಜೀನ್‌ಗಳಲ್ಲಿ. ಮನುಷ್ಯರಲ್ಲಿ ಇಂಥ ಸುಮಾರು 20,000 ಜೀನ್‌ಗಳಿವೆ. ಯಾವುದೇ ಇಬ್ಬರ ಡಿಎನ್‌ಎ ಹೆಚ್ಚುಕಡಿಮೆ 99.9% ಒಂದೇ. ಆದರೆ ಒಟ್ಟು ಅಕ್ಷರಗಳೇ ಸುಮಾರು 300 ಕೋಟಿ ಇರುವಾಗ ಉಳಿದ ಆ ಚೂರು ಕೂಡ ಲಕ್ಷಗಟ್ಟಲೆ ವ್ಯತ್ಯಾಸಗಳಾಗುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ, ಸುಮ್ನೆ ಇರುತ್ತವೆ. ಕೆಲವು ಮಾತ್ರ ಒಂದೇ ತುತ್ತು ಇಬ್ಬರಲ್ಲಿ ಬೇರೆ ಬೇರೆ ಥರ ಕೆಲಸ ಮಾಡುವ ಹಾಗೆ ಮಾಡುತ್ತವೆ.

ಸಂಬಂಧ ಎರಡೂ ಕಡೆಯಿಂದ ಇದೆ. ಜೀನ್ ಹೇಗಿದೆ ಅನ್ನುವುದರ ಮೇಲೆ ಊಟದ ಪರಿಣಾಮ ಬದಲಾಗುತ್ತದೆ. ಊಟ ಹೇಗಿದೆ ಅನ್ನುವುದರ ಮೇಲೆ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದೂ ಬದಲಾಗುತ್ತದೆ.

ಅಂದಹಾಗೆ, ಈ ವಿಷಯದಲ್ಲಿ ನಾವೆಲ್ಲರೂ ರೋಗಿಗಳೇ. ಬಹಳಷ್ಟು ಪ್ರಾಣಿಗಳು ವಿಟಮಿನ್ ಸಿಯನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಕೊನೆಯ ಎಂಜೈಮ್‌ನ (ದೇಹದ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್) ಜೀನ್ ನಮ್ಮಲ್ಲೂ ಇದೆ, ಆದರೆ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟು ಕೂತಿದೆ. ಹಣ್ಣು ತರಕಾರಿ ತಿನ್ನುತ್ತಿರುವವರೆಗೆ ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ಅವು ಸಿಗದಿದ್ದರೆ ಸ್ಕರ್ವಿ ಬಂದು ವಸಡಲ್ಲಿ ರಕ್ತ ಒಸರುತ್ತದೆ, ಹಳೇ ಗಾಯಗಳು ಬಾಯಿ ಬಿಡುತ್ತವೆ. ಹಾಗಾದರೆ ಸ್ಕರ್ವಿ ಜೀನ್‌ನ ಕಾಯಿಲೆಯೋ ಊಟದ ಕಾಯಿಲೆಯೋ? ಎರಡೂ ಹೌದು. ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿರಲಿ.

ಜೀನ್ ಅಂದರೆ ಹಣೆಬರಹ ಅಲ್ವಾ? ಊಟ ಬದಲಿಸಿ ಏನು ಪ್ರಯೋಜನ?

ಇದಕ್ಕೆ ಪಿಕೆಯು ಅನ್ನುವ ಕಾಯಿಲೆಯ ಕಥೆಗಿಂತ ಒಳ್ಳೆಯ ಉತ್ತರ ಇಲ್ಲ. ಪೂರ್ತಿ ಹೆಸರು ಫಿನೈಲ್‌ಕೀಟೋನೂರಿಯಾ.

1934ರಲ್ಲಿ ನಾರ್ವೆಯ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಹತ್ತಿರ ಕರೆತಂದಳು. ಇಬ್ಬರಿಗೂ ಬುದ್ಧಿ ಬೆಳವಣಿಗೆ ಆಗಿರಲಿಲ್ಲ. ಮಕ್ಕಳಿಂದ ವಿಚಿತ್ರ ವಾಸನೆ ಬರುತ್ತದೆ ಎಂದು ತಾಯಿ ಹೇಳುತ್ತಲೇ ಇದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಫೋಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ನೋಡಿದರು. ಆ ದಿನಗಳಲ್ಲಿ ಇದು ಮಾಮೂಲಿ ಪರೀಕ್ಷೆ. ಸಾಮಾನ್ಯವಾಗಿ ಬಣ್ಣ ಬದಲಾಗುವುದಿಲ್ಲ, ಕೆಲವರಲ್ಲಿ ಕೆಂಪು ಕಂದು ಆಗುತ್ತದೆ. ಇಲ್ಲಿ ಅದು ಹಸಿರಾಯಿತು. ಆ ಹಸಿರಿನ ಜಾಡು ಹಿಡಿದು ಹೋದಾಗ ಗೊತ್ತಾಗಿದ್ದು ಇಷ್ಟು: ಪ್ರೋಟೀನ್ ಇರುವ ಆಹಾರದಲ್ಲೆಲ್ಲ ಫಿನೈಲ್‌ಅಲನೀನ್ ಅನ್ನುವ ಅಮೈನೋ ಆಮ್ಲ ಇರುತ್ತದೆ, ಅದನ್ನು ಕರಗಿಸುವ ಶಕ್ತಿ ಈ ಮಕ್ಕಳ ದೇಹಕ್ಕೆ ಇಲ್ಲ. ಅದು ರಕ್ತದಲ್ಲಿ ಸೇರುತ್ತಾ ಹೋಗಿ ಬೆಳೆಯುವ ಮಿದುಳನ್ನು ಹಾಳುಮಾಡುತ್ತದೆ.

ಕಾರಣ ಶುದ್ಧ ಜೀನ್. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಕಾಯಿಲೆ. ಆದರೆ ಪರಿಹಾರ ಸಿಕ್ಕಿದ್ದು ಊಟದಲ್ಲಿ. 1950ರ ದಶಕದಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಫಿನೈಲ್‌ಅಲನೀನ್ ಕಡಿಮೆ ಇರುವ ಪಥ್ಯ ಕೊಟ್ಟು ನೋಡಿದರು, ಮಗುವಿನಲ್ಲಿ ಸುಧಾರಣೆ ಕಂಡಿತು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಇನ್ನೂ ಸುಲಭದ ದಾರಿ ತಂದರು. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ, ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿದರೆ ಪರೀಕ್ಷೆಗೆ ಅಷ್ಟು ಸಾಕು. ಮೊದಲ ವಾರಗಳಲ್ಲೇ ಪಥ್ಯ ಶುರುವಾದ ಮಗು ಎಲ್ಲರಂತೆ ಓದುತ್ತದೆ, ಕೆಲಸಕ್ಕೆ ಹೋಗುತ್ತದೆ. ಪಥ್ಯ ಸುಲಭ ಅಂತಲ್ಲ. ಮಾಂಸ, ಮೊಟ್ಟೆ, ಹಾಲು, ಕಾಳುಗಳು ಹೆಚ್ಚುಕಡಿಮೆ ಬಂದ್, ಬದಲಿಗೆ ದಿನವೂ ವಿಶೇಷ ಪುಡಿ ಕಲಸಿ ಕುಡಿಯಬೇಕು. ಪೂರ್ತಿ ನಿಲ್ಲಿಸುವ ಹಾಗೂ ಇಲ್ಲ, ಬೆಳವಣಿಗೆಗೆ ಆ ಅಮೈನೋ ಆಮ್ಲ ಸ್ವಲ್ಪ ಬೇಕೇ ಬೇಕು. ಸಕ್ಕರೆ ಇಲ್ಲದ ತಂಪು ಪಾನೀಯದ ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ "ಫಿನೈಲ್‌ಅಲನೀನ್ ಇದೆ" ಎಂಬ ಎಚ್ಚರಿಕೆ ನೋಡಿದ್ದರೆ, ಅದು ಇವರಿಗಾಗಿ. ಆಸ್ಪರ್ಟೇಮ್ ಅನ್ನುವ ಸಿಹಿಯಲ್ಲಿ ಅದು ಇರುತ್ತದೆ.

ಜೀನ್ ಸರಿ ಆಗಲಿಲ್ಲ, ಇವತ್ತಿಗೂ ಕೆಟ್ಟೇ ಇದೆ. ಬದಲಾದದ್ದು ತಟ್ಟೆ ಮಾತ್ರ.

ಹೀಗೆ ಊಟದಲ್ಲೇ ಎಚ್ಚರ ಇರಬೇಕಾದ ಬೇರೆ ಜೀನ್ ತೊಂದರೆಗಳು ಯಾವುವು?

ಹಲವು ಇವೆ, ಹೆಚ್ಚಿನವು ಅಪರೂಪ. ಸ್ವಲ್ಪ ಜಾಸ್ತಿ ಕಾಣುವುದು ಜಿ6ಪಿಡಿ ಕೊರತೆ, ಅಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಎಂಜೈಮ್‌ನ ಕೊರತೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಇದೆ ಎಂಬ ಅಂದಾಜು. ಈ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿರುವುದರಿಂದ ಗಂಡಸರಲ್ಲಿ ಹೆಚ್ಚು. ಮಾಮೂಲಿ ದಿನಗಳಲ್ಲಿ ಏನೂ ಆಗುವುದಿಲ್ಲ. ಫಾವಾ ಬೀನ್ಸ್ ತಿಂದರೆ, ಕೆಲವು ಮಲೇರಿಯಾ ಮಾತ್ರೆ ನುಂಗಿದರೆ, ನಾಫ್ತಲೀನ್ ಗುಳಿಗೆ ಬಾಯಿಗೆ ಹೋದರೆ ಕೆಂಪು ರಕ್ತಕಣಗಳು ಒಡೆಯಲು ಶುರುವಾಗುತ್ತವೆ. ಒಂದೆರಡು ದಿನದಲ್ಲಿ ಮೈ ಹಳದಿಯಾಗುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಸುಸ್ತು ಹೊಡೆಯುತ್ತದೆ. ಇಷ್ಟು ಕೆಟ್ಟ ಜೀನ್ ಇಷ್ಟೊಂದು ಜನರಲ್ಲಿ ಉಳಿದದ್ದು ಹೇಗೆ ಅಂದರೆ, ಅದು ಮಲೇರಿಯಾದಿಂದ ಸ್ವಲ್ಪ ಕಾಪಾಡುತ್ತದೆ.

ಇನ್ನೊಂದು, ಹುಟ್ಟಿನಿಂದಲೇ ಫ್ರಕ್ಟೋಸ್, ಅಂದರೆ ಹಣ್ಣಿನ ಸಕ್ಕರೆ, ತಡೆಯದವರು. ತಾಯಿ ಹಾಲು ಕುಡಿಯುವವರೆಗೆ ಮಗು ಚೆನ್ನಾಗಿರುತ್ತದೆ. ಹಣ್ಣು, ಸಕ್ಕರೆ ಶುರುಮಾಡಿದ ಕೂಡಲೇ ವಾಂತಿ, ಸುಸ್ತು. ಇಂಥ ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಸಿಹಿ ಕಂಡರೇ ದೂರ ಹೋಗುವುದನ್ನು ತಾವಾಗಿಯೇ ಕಲಿತಿರುತ್ತಾರೆ. ಹಾಗಾಗಿ ಕಾಯಿಲೆ ಪತ್ತೆಯಾಗದೆ ಬೆಳೆದವರಲ್ಲಿ ಒಂದೂ ಹುಳುಕು ಹಲ್ಲು ಇಲ್ಲದಿರುವುದು ವೈದ್ಯರಿಗೆ ಒಂದು ಸುಳಿವು.

ಕಬ್ಬಿಣ ಜಾಸ್ತಿ ಹೀರಿಕೊಳ್ಳುವ ಹಿಮೋಕ್ರೊಮಟೋಸಿಸ್ ಕೂಡ ಈ ಸಾಲಿನದೇ. ಇದು ಇದ್ದವರು ಕಬ್ಬಿಣದ ಮಾತ್ರೆ, ವಿಟಮಿನ್ ಸಿ ಮಾತ್ರೆ, ಮದ್ಯ ಬಿಡಬೇಕು. ಮುಖ್ಯ ಚಿಕಿತ್ಸೆ ಊಟದ್ದಲ್ಲ, ಆಗಾಗ ರಕ್ತ ತೆಗೆಸುವುದು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ನನ್ನ ಜೀನ್‌ನಲ್ಲಿ ದೋಷ ಇದೆಯಾ?

ಇಲ್ಲ. ನೀವು ಮೂಲ ಮಾದರಿ. ಬೇರೆಯಾಗಿರುವುದು ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವವರು.

ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಜೈಮ್ ಎಲ್ಲ ಶಿಶುಗಳಲ್ಲೂ ಇರುತ್ತದೆ, ಬಾಲ್ಯ ಕಳೆಯುವ ಹೊತ್ತಿಗೆ ಕಡಿಮೆಯಾಗುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನರ ಕಥೆ ಇದೇ. ದನ, ಕುರಿ, ಒಂಟೆ ಸಾಕಲು ಶುರುಮಾಡಿದ ಮೇಲೆ, ಅಂದರೆ ಕಳೆದ 10,000 ವರ್ಷಗಳೊಳಗೆ, ಈ ಎಂಜೈಮ್ ನಿಲ್ಲದಂತೆ ಮಾಡುವ ಬದಲಾವಣೆ ಯುರೋಪ್, ಪೂರ್ವ ಆಫ್ರಿಕಾ, ಅರೇಬಿಯಾದಲ್ಲಿ ಬೇರೆ ಬೇರೆಯಾಗಿ ಹುಟ್ಟಿ ಹರಡಿತು. ಊಟವೇ ಜೀನ್‌ಗಳನ್ನು ಆರಿಸಿದ್ದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಲ್ಯಾಕ್ಟೇಸ್ ಕಡಿಮೆ ಇದ್ದವರೂ ಹೆಚ್ಚಿನವರು ಒಂದು ಲೋಟ ಹಾಲು, ಅಂದರೆ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಊಟದ ಜೊತೆ ತೆಗೆದುಕೊಂಡರೆ ತಡೆದುಕೊಳ್ಳುತ್ತಾರೆ. ಮೊಸರಲ್ಲಿ ಬ್ಯಾಕ್ಟೀರಿಯಾಗಳೇ ಅರ್ಧ ಕೆಲಸ ಮುಗಿಸಿರುತ್ತವೆ. ಅದಕ್ಕೇ ಹಾಲು ಆಗದವರಿಗೆ ಮೊಸರು ಆಗುತ್ತದೆ. ಹಾಲಿನ ಅಲರ್ಜಿ ಬೇರೆಯೇ ವಿಷಯ. ಅದು ಪ್ರೋಟೀನ್‌ಗೆ ಆಗುವ ಪ್ರತಿಕ್ರಿಯೆ, ಅಪಾಯಕಾರಿ ಕೂಡ ಆಗಬಹುದು. ಎರಡನ್ನೂ ಕಲಸಬೇಡಿ.

ರಿಪೋರ್ಟ್‌ನಲ್ಲಿ ಸೀಲಿಯಾಕ್ ಜೀನ್ ಇದೆ ಅಂತ ಬಂದಿದೆ. ಗೋಧಿ ಬಿಡಲಾ?

ಬಿಡಬೇಡಿ, ಕನಿಷ್ಠ ಈಗಲೇ ಬಿಡಬೇಡಿ. ಸೀಲಿಯಾಕ್ ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಪ್ರೋಟೀನ್‌ಗೆ ದೇಹ ತಿರುಗಿಬಿದ್ದು ಕರುಳಿಗೆ ಪೆಟ್ಟಾಗುವ ಕಾಯಿಲೆ. ಸೀಲಿಯಾಕ್ ಕಾಯಿಲೆ ಬರಲು ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಅನ್ನುವ ರೂಪಗಳು ಹೆಚ್ಚುಕಡಿಮೆ ಬೇಕೇ ಬೇಕು. ಆದರೆ ಎಷ್ಟೋ ಸಮುದಾಯಗಳಲ್ಲಿ 30ರಿಂದ 40% ಜನರಲ್ಲಿ ಇವು ಇರುತ್ತವೆ, ಕಾಯಿಲೆ ಬರುವುದು ಸುಮಾರು 1% ಜನರಿಗೆ. ಅಂದರೆ ಈ ಟೆಸ್ಟ್ ಉಪಯೋಗಕ್ಕೆ ಬರುವುದು ತಿರುವುಮುರುವಾಗಿ: ಜೀನ್ ಇಲ್ಲ ಎಂದು ಬಂದರೆ ಸೀಲಿಯಾಕ್ ಅಲ್ಲ ಎಂದು ಬಹುತೇಕ ನಿಶ್ಚಿಂತೆಯಿಂದ ಹೇಳಬಹುದು, ಇದೆ ಎಂದು ಬಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಲಕ್ಷಣಗಳಿದ್ದರೆ ರಕ್ತದಲ್ಲಿ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ, ಬೇಕಾದರೆ ವೈದ್ಯರು ಕರುಳಿನ ಬಯಾಪ್ಸಿ ಹೇಳುತ್ತಾರೆ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಇರುವ ಕಾಯಿಲೆಯೂ ಕಾಣದೆ ಹೋಗುತ್ತದೆ. ಈ ಎಡವಟ್ಟು ತುಂಬಾ ಸಾಮಾನ್ಯ.

ನಾನು ರಾತ್ರಿ ಕಾಫಿ ಕುಡಿದು ಮಲಗುತ್ತೇನೆ, ನನ್ನ ಗೆಳೆಯನಿಗೆ ಮಧ್ಯಾಹ್ನದ ಕಾಫಿಗೇ ನಿದ್ದೆ ಬರಲ್ಲ. ಇದೂ ಜೀನಾ?

ಒಂದು ಮಟ್ಟಿಗೆ ಹೌದು. ಕೆಫೀನನ್ನು ಪಿತ್ತಜನಕಾಂಗದಲ್ಲಿ ಒಡೆಯುವುದು ಸಿವೈಪಿ1ಎ2 ಅನ್ನುವ ಎಂಜೈಮ್. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ. ಕೆಫೀನ್ ಮಿದುಳಿನಲ್ಲಿ ಹೋಗಿ ಕೂರುವ ಜಾಗವಾದ ಅಡೆನೊಸಿನ್ ಗ್ರಾಹಕದ ಜೀನ್ ಹೇಗಿದೆ ಅನ್ನುವುದರ ಮೇಲೆ ಎದೆ ಡವಗುಟ್ಟುವುದು, ಗಾಬರಿಯಾಗುವುದು ಬದಲಾಗುತ್ತದೆ. ಆದರೆ ಜೀನ್ ಒಂದೇ ಅಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಈ ಎಂಜೈಮ್ ಇನ್ನೂ ಜೋರಾಗಿ ಓಡುತ್ತದೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಗರ್ಭಿಣಿಯರಲ್ಲಿ ನಿಧಾನವಾಗುತ್ತದೆ.

ಈ ಕ್ಷೇತ್ರ ಹೇಗೆ ನಡೆಯುತ್ತದೆ ಎಂದು ತಿಳಿಯಲು ಕಾಫಿ ಒಳ್ಳೆಯ ಉದಾಹರಣೆ. 2006ರಲ್ಲಿ ಕೋಸ್ಟರಿಕಾದ ಜನರ ಮೇಲೆ ನಡೆದ ಒಂದು ಅಧ್ಯಯನ, ಕೆಫೀನ್ ನಿಧಾನವಾಗಿ ಒಡೆಯುವವರು ಜಾಸ್ತಿ ಕಾಫಿ ಕುಡಿದರೆ ಹೃದಯಾಘಾತದ ಅಪಾಯ ಹೆಚ್ಚು ಎಂದು ಹೇಳಿತು. ದೊಡ್ಡ ಸುದ್ದಿಯಾಯಿತು. ಟೆಸ್ಟ್ ಮಾರುವವರು ಅದನ್ನು ಹಿಡಿದುಕೊಂಡರು. ಆಮೇಲೆ ಬ್ರಿಟನ್‌ನ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು 2018 ಮತ್ತು 2019ರಲ್ಲಿ ನೋಡಿದಾಗ ಒಡೆಯುವ ವೇಗಕ್ಕೂ ಕಾಫಿಯ ಅಪಾಯಕ್ಕೂ ಅಂಥ ನಂಟು ಕಾಣಲಿಲ್ಲ. ಆದರೂ ಹಳೇ ಮಾತು ಈಗಲೂ ಎಷ್ಟೋ ರಿಪೋರ್ಟ್‌ಗಳಲ್ಲಿ ಅಚ್ಚಾಗಿ ಬರುತ್ತಿದೆ.

ಗೆಳೆಯನಿಗೆ ಟೆಸ್ಟ್ ಬೇಕಾಗಿಲ್ಲ ಬಿಡಿ. ನಿದ್ದೆ ಬರಲ್ಲ ಅನ್ನುವುದೇ ಅವನ ಟೆಸ್ಟ್.

ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪಾಗುತ್ತದೆ. ಅಭ್ಯಾಸವಾದರೆ ಸರಿ ಹೋಗುತ್ತಾ?

ಅಭ್ಯಾಸ ಮಾಡಿಕೊಳ್ಳಬೇಡಿ. ಎಎಲ್‌ಡಿಎಚ್2 ಎಂಜೈಮ್ ದುರ್ಬಲವಾಗಿರುವವರಲ್ಲಿ ಅಸಿಟಾಲ್ಡಿಹೈಡ್ ಅನ್ನುವ ವಿಷ ಮೈಯಲ್ಲಿ ಉಳಿದುಕೊಳ್ಳುತ್ತದೆ, ಮುಖ ಕೆಂಪಾಗುವುದು ಅದರಿಂದ. ಪೂರ್ವ ಏಷ್ಯಾದ ಮೂಲದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಿಗೆ ಇದು ಇದೆ. ಇಂಥವರು ಕುಡಿಯುತ್ತಾ ಹೋದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಚೆನ್ನಾಗಿಯೇ ಏರುತ್ತದೆ. ಕೆಂಪು ಕಾಣದಿರಲಿ ಎಂದು ಅಲರ್ಜಿ ಮಾತ್ರೆ ನುಂಗಿ ಕುಡಿಯುವವರೂ ಇದ್ದಾರೆ, ಅದು ಎಚ್ಚರಿಕೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ನಮ್ಮ ಮನೆಯಲ್ಲಿ ಎಲ್ಲರೂ ದಪ್ಪ. ನಾನು ಏನು ಮಾಡಿದರೂ ಅಷ್ಟೇ ಅಲ್ವಾ?

ತೂಕದಲ್ಲಿ ಜೀನ್ ಪಾಲು ದೊಡ್ಡದೇ. ಅವಳಿಗಳ ಅಧ್ಯಯನಗಳು ಜನರ ನಡುವಿನ ತೂಕದ ವ್ಯತ್ಯಾಸದಲ್ಲಿ 40ರಿಂದ 70% ಅನುವಂಶಿಕ ಎನ್ನುತ್ತವೆ. ಆದ್ದರಿಂದ ದಪ್ಪ ಇರುವವರನ್ನು ಸೋಮಾರಿ, ಬಾಯಿಚಪಲ ಎನ್ನುವವರಿಗೆ ವಿಷಯವೇ ಗೊತ್ತಿಲ್ಲ.

ಆದರೆ ಆ ಪಾಲು ಒಂದೇ ಜೀನ್‌ನದಲ್ಲ, ನೂರಾರು ಜೀನ್‌ಗಳು ಚೂರು ಚೂರು ಸೇರಿಸಿದ್ದು. ಸಾಮಾನ್ಯ ಜನರಲ್ಲಿ ಎಲ್ಲಕ್ಕಿಂತ ಜೋರಾದದ್ದು 2007ರಲ್ಲಿ ಪತ್ತೆಯಾದ ಎಫ್‌ಟಿಒ. ಅದರ ಎರಡೂ ಅಪಾಯದ ಪ್ರತಿ ಇರುವವರು, ಒಂದೂ ಇಲ್ಲದವರಿಗಿಂತ ಸರಾಸರಿ ಸುಮಾರು 3 ಕಿಲೋ ಜಾಸ್ತಿ. ಅಷ್ಟೇ. ಅದೂ ಹೆಚ್ಚಾಗಿ ಹಸಿವು ಮತ್ತು ತೃಪ್ತಿಯ ದಾರಿಯಲ್ಲಿ ಕೆಲಸ ಮಾಡುತ್ತದೆ: ಹೊಟ್ಟೆ ತುಂಬಿತು ಎಂದು ಸ್ವಲ್ಪ ತಡವಾಗಿ ಅನ್ನಿಸುತ್ತದೆ, ಇನ್ನೊಂದು ತುತ್ತು ಹೋಗುತ್ತದೆ. 2011ರಲ್ಲಿ 2,18,000 ವಯಸ್ಕರ ಮಾಹಿತಿ ಒಟ್ಟು ಮಾಡಿದಾಗ, ಮೈ ಅಲ್ಲಾಡಿಸುವವರಲ್ಲಿ ಈ ಜೀನ್‌ನಿಂದ ಬೊಜ್ಜು ಬರುವ ಸಾಧ್ಯತೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿದಿತ್ತು. 2016ರ ಇನ್ನೊಂದು ವಿಶ್ಲೇಷಣೆಯಲ್ಲಿ, ತೂಕ ಇಳಿಸುವ ಪ್ರಯೋಗಗಳಲ್ಲಿದ್ದ 9,500ಕ್ಕೂ ಹೆಚ್ಚು ಜನರಲ್ಲಿ, ಎಫ್‌ಟಿಒದ ಅಪಾಯದ ಪ್ರತಿ ಇದ್ದವರೂ ಇಲ್ಲದವರಷ್ಟೇ ತೂಕ ಇಳಿಸಿದ್ದರು.

ಒಂದು ಅಪವಾದ ಹೇಳಲೇಬೇಕು. ಕೆಲವು ಮಕ್ಕಳಲ್ಲಿ ಒಂದೇ ಜೀನ್ ಕೆಟ್ಟು ಹಸಿವು ತಡೆಯಲಾರದಷ್ಟು ಆಗುತ್ತದೆ. ಲೆಪ್ಟಿನ್ ಹಾರ್ಮೋನ್ ಇಲ್ಲದೆ ಹುಟ್ಟಿದ ಮಕ್ಕಳನ್ನು 1997ರಲ್ಲಿ ಮೊದಲು ಗುರುತಿಸಿದರು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಹಸಿವು ಹತೋಟಿಗೆ ಬಂತು, ತೂಕ ಇಳಿಯಿತು. ಹುಟ್ಟಿದ ಕೆಲವೇ ತಿಂಗಳಲ್ಲಿ ತೂಕ ಒಂದೇ ಸಮ ಏರುತ್ತಾ ಹೋಗಿ, ಮಗು ಸದಾ ಊಟಕ್ಕಾಗಿ ಅಳುತ್ತಿದ್ದರೆ ಅಲ್ಲಿ ಜೀನ್ ಪರೀಕ್ಷೆಗೆ ನಿಜವಾದ ಅರ್ಥ ಇದೆ.

ನನ್ನ ಜೀನ್‌ಗೆ ಲೋ ಕಾರ್ಬ್ ಸರಿಯಾ, ಲೋ ಫ್ಯಾಟ್ ಸರಿಯಾ?

ಇದನ್ನು ನೇರವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಊಟ ಹೇಳಿ, 12 ತಿಂಗಳು ಹಿಂಬಾಲಿಸಿತು. 2018ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪು ಸರಾಸರಿ 5.3 ಕಿಲೋ ಇಳಿಸಿತು, ಎರಡನೆಯದು 6.0 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲ. ಯಾರ ಜೀನ್ "ಲೋ ಫ್ಯಾಟ್ ಮಾದರಿ", ಯಾರದ್ದು "ಲೋ ಕಾರ್ಬ್ ಮಾದರಿ" ಎಂದೂ ನೋಡಿದ್ದರು. ತಮ್ಮ ಜೀನ್‌ಗೆ ಹೊಂದುವ ಊಟ ಸಿಕ್ಕವರು ಜಾಸ್ತಿ ಇಳಿಸಿದರಾ? ಇಲ್ಲ.

ನನಗೆ ಇದರಲ್ಲಿ ಇಷ್ಟವಾಗುವುದು ಸರಾಸರಿ ಅಲ್ಲ, ಹರವು. ಎರಡೂ ಗುಂಪಿನಲ್ಲಿ ಕೆಲವರು ಸುಮಾರು 30 ಕಿಲೋ ಇಳಿಸಿದರು, ಕೆಲವರು 10 ಕಿಲೋದಷ್ಟು ಏರಿಸಿಕೊಂಡರು. ಮನುಷ್ಯರ ನಡುವೆ ವ್ಯತ್ಯಾಸ ಇದೆ, ಬೇಕಾದಷ್ಟಿದೆ. ಅದನ್ನು ಈ ತಂಡ ನೋಡಿದ ಮೂರು ಜೀನ್ ಗುರುತುಗಳು ಹಿಡಿಯಲಿಲ್ಲ ಅಷ್ಟೇ. ಎರಡೂ ಗುಂಪಿಗೆ ಸಾಮಾನ್ಯವಾಗಿ ಹೇಳಿದ್ದು ಏನು ಗೊತ್ತಾ? ಸಕ್ಕರೆ ಮೈದಾ ಆದಷ್ಟು ಬಿಡಿ, ತರಕಾರಿ ಜಾಸ್ತಿ ತಿನ್ನಿ.

ಅಪ್ಪ ಅಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ. ನನಗೂ ಬರುವುದು ಗ್ಯಾರಂಟಿಯಾ?

ಅಪಾಯ ಜಾಸ್ತಿ, ಗ್ಯಾರಂಟಿ ಅಲ್ಲ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಹೆಸರಾದ ಜೀನ್ ಟಿಸಿಎಫ್7ಎಲ್2. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಊಟ ತಿದ್ದಿ, ತೂಕ 7% ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 31%. 2006ರಲ್ಲಿ ಅದೇ ಜನರ ಜೀನ್ ನೋಡಿದರು. ಏನೂ ಬದಲಾಯಿಸದ ಗುಂಪಿನಲ್ಲಿ ಟಿಸಿಎಫ್7ಎಲ್2ನ ಎರಡು ಅಪಾಯದ ಪ್ರತಿ ಇದ್ದವರಿಗೆ ಕಾಯಿಲೆ ಬೇಗ ಬಂದಿತ್ತು. ಊಟ, ನಡಿಗೆ ಬದಲಾಯಿಸಿದ ಗುಂಪಿನಲ್ಲಿ ಆ ಜೀನ್‌ನ ಪ್ರಭಾವ ಬಹುತೇಕ ಅಳಿಸಿಹೋಗಿತ್ತು.

ನಿಮ್ಮ ಪ್ರಶ್ನೆಯಲ್ಲೇ ಜೀನ್ ಟೆಸ್ಟ್ ರಿಪೋರ್ಟ್ ಇದೆ, ನೋಡಿ. ಅಪ್ಪ ಅಮ್ಮ ಇಬ್ಬರಿಗೂ ಇದೆ ಅನ್ನುವ ಮಾತು ಎಷ್ಟೋ ಜೀನ್ ಗುರುತುಗಳಿಗಿಂತ ಹೆಚ್ಚು ಹೇಳುತ್ತದೆ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುತ್ತಾ ಇರಿ.

ಎಣ್ಣೆ ತುಪ್ಪ ಬಿಟ್ಟರೂ ಕೊಲೆಸ್ಟ್ರಾಲ್ ಇಳಿಯುತ್ತಿಲ್ಲ. ಯಾಕೆ?

ಸುಮಾರು 250 ಜನರಲ್ಲಿ ಒಬ್ಬರಿಗೆ ಕೌಟುಂಬಿಕ ಹೈಪರ್‌ಕೊಲೆಸ್ಟರಾಲೀಮಿಯಾ ಇರುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು, ಅಂದರೆ "ಕೆಟ್ಟ" ಕೊಲೆಸ್ಟ್ರಾಲನ್ನು, ಹಿಡಿದು ಒಳಗೆಳೆಯುವ ಗ್ರಾಹಕ ಇವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಗ್ರಾಹಕವನ್ನು ಪತ್ತೆಹಚ್ಚಿದ್ದಕ್ಕೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಇವರ ಎಲ್‌ಡಿಎಲ್ ಹುಟ್ಟಿನಿಂದಲೇ ಏರಿರುತ್ತದೆ, ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿಗೇ ಹೃದಯಾಘಾತ ಆಗಿರುತ್ತದೆ, ಕೆಲವರ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪವಾಗಿ ಗಂಟು ಕಟ್ಟಿರುತ್ತದೆ. ಊಟ ಬದಲಿಸಿದರೆ ಸ್ವಲ್ಪ ಇಳಿಯುತ್ತದೆ, ಸಾಕಾಗುವುದಿಲ್ಲ. ಇಲ್ಲಿ ಮಾತ್ರೆ ಬೇಕು. ಪಥ್ಯದಲ್ಲೇ ಗೆಲ್ಲುತ್ತೇನೆ ಎಂದು ಹಠ ಹಿಡಿದು ವರ್ಷಗಳನ್ನು ಕಳೆಯಬೇಡಿ. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳ ಕೊಲೆಸ್ಟ್ರಾಲ್ ಕೂಡ ನೋಡಿಸಿ.

ತದ್ವಿರುದ್ಧದವರೂ ಇದ್ದಾರೆ. ಪಿಸಿಎಸ್‌ಕೆ9 ಜೀನ್‌ನ ಒಂದು ಪ್ರತಿ ಕೆಲಸ ಮಾಡದೆ ಹುಟ್ಟಿದವರ ಎಲ್‌ಡಿಎಲ್ ಜೀವನಪೂರ್ತಿ ಕಡಿಮೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಕಪ್ಪು ಅಮೆರಿಕನ್ನರ ಎಲ್‌ಡಿಎಲ್ 28% ಕಡಿಮೆ ಇತ್ತು, ಹೃದಯದ ಕಾಯಿಲೆ 88% ಕಡಿಮೆ. "ನಮ್ಮ ತಾತ ದಿನಾ ಕರಿದದ್ದು ತಿಂದು ತೊಂಬತ್ತು ವರ್ಷ ಬದುಕಿದ್ದರು" ಅನ್ನುವವರ ತಾತನಿಗೆ ಇಂಥದ್ದೇನೋ ಇದ್ದಿರಬಹುದು. ಮೊಮ್ಮಗನಿಗೆ ಅದು ಬಂದಿದೆ ಎಂದು ಯಾರು ಹೇಳಿದರು?

ಊಟ ನಮ್ಮ ಜೀನನ್ನೇ ಬದಲಾಯಿಸುತ್ತದೆ ಎನ್ನುತ್ತಾರೆ. ನಿಜವಾ?

ಡಿಎನ್‌ಎಯ ಅಕ್ಷರಗಳನ್ನು ಬದಲಾಯಿಸುವುದಿಲ್ಲ. ಅವುಗಳ ಮೇಲೆ ಕೂರುವ ರಾಸಾಯನಿಕ ಗುರುತುಗಳನ್ನು ಬದಲಾಯಿಸಬಹುದು, ಅದರಿಂದ ಜೀನ್ ಜೋರಾಗಬಹುದು, ಸುಮ್ಮನಾಗಬಹುದು. ಇದಕ್ಕೆ ಎಪಿಜೆನೆಟಿಕ್ಸ್ ಎನ್ನುತ್ತಾರೆ.

ಜೇನುಹುಳಗಳನ್ನು ನೋಡಿ. ರಾಣಿಗೂ ಕೆಲಸಗಾರ್ತಿಗೂ ಜೀನ್‌ಗಳಲ್ಲಿ ವ್ಯತ್ಯಾಸ ಇಲ್ಲ. ಮರಿಹುಳವಾಗಿದ್ದಾಗ ಪೂರ್ತಿ ರಾಯಲ್ ಜೆಲ್ಲಿ ತಿಂದದ್ದು ರಾಣಿಯಾಗಿ ವರ್ಷಗಟ್ಟಲೆ ಬದುಕಿ ಮೊಟ್ಟೆ ಇಡುತ್ತದೆ, ಮೊದಲ ಕೆಲವು ದಿನ ಮಾತ್ರ ತಿಂದದ್ದು ಕೆಲವು ವಾರ ದುಡಿದು ಸಾಯುತ್ತದೆ. ಇಲಿಗಳಲ್ಲೂ ಇದೆ. 2003ರಲ್ಲಿ ವಾಟರ್‌ಲ್ಯಾಂಡ್ ಮತ್ತು ಜರ್ಟಲ್ ಎಂಬ ಇಬ್ಬರು ವಿಜ್ಞಾನಿಗಳು, ಹಳದಿ ಮೈಬಣ್ಣದ, ಬೊಜ್ಜು ಬರುವ ಮರಿಗಳಿಗೆ ಜನ್ಮ ಕೊಡುವ ತಳಿಯ ತಾಯಿ ಇಲಿಗಳಿಗೆ ಬಸಿರಿನಲ್ಲಿ ಫೋಲಿಕ್ ಆಮ್ಲ, ಬಿ12, ಕೋಲೀನ್, ಬೀಟೈನ್ ಜಾಸ್ತಿ ಕೊಟ್ಟರು. ಹೆಚ್ಚು ಮರಿಗಳು ಕಂದು ಬಣ್ಣಕ್ಕೆ ತಿರುಗಿದವು. ಜೀನ್ ಅದೇ, ಅದರ ಮೇಲಿನ ಗುರುತು ಬೇರೆ.

ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡುವ ಹಾಗಿಲ್ಲ, ಇತಿಹಾಸ ಒಂದನ್ನು ಕ್ರೂರವಾಗಿ ಮಾಡಿಟ್ಟಿದೆ. 1944–45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಪಶ್ಚಿಮ ನೆದರ್‌ಲ್ಯಾಂಡ್ಸ್‌ನಲ್ಲಿ ಕ್ಷಾಮ ಬಂತು. ದಿನದ ಪಡಿತರ 1,000 ಕ್ಯಾಲರಿಗೂ ಕೆಳಗಿಳಿಯಿತು. ಆಗ ಗರ್ಭದಲ್ಲಿ ಮೂಡಿದ ಮಕ್ಕಳನ್ನು ಸುಮಾರು ಅರವತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನ್ ಮೇಲಿನ ಗುರುತುಗಳು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದವು. 2008ರಲ್ಲಿ ಇದು ಪ್ರಕಟವಾಯಿತು.

ಇದನ್ನು ಹಿಡಿದುಕೊಂಡು "ಈ ಪುಡಿ ತಿಂದರೆ ನಿಮ್ಮ ಜೀನ್ ರೀಸೆಟ್ ಆಗುತ್ತದೆ" ಎಂದು ಮಾರುವವರಿದ್ದಾರೆ. ಅಂಥ ಪುಡಿ ಇಲ್ಲ.

ಎಂಟಿಎಚ್‌ಎಫ್‌ಆರ್ ಬದಲಾವಣೆ ಇದ್ದರೆ ಫೋಲಿಕ್ ಆಮ್ಲ ಬಿಡಬೇಕಂತೆ?

ತಪ್ಪು ಮಾಹಿತಿ, ಅಪಾಯಕಾರಿ ಕೂಡ. ಎಂಟಿಎಚ್‌ಎಫ್‌ಆರ್ ಅಂದರೆ ಫೋಲೇಟ್ ವಿಟಮಿನ್ (ಮಾತ್ರೆಯಲ್ಲಿ ಫೋಲಿಕ್ ಆಮ್ಲ) ಬಳಸಿಕೊಳ್ಳಲು ನೆರವಾಗುವ ಎಂಜೈಮ್‌ನ ಜೀನ್. ಅದರಲ್ಲಿನ ಈ ಬದಲಾವಣೆ ತುಂಬಾ ಜನರಲ್ಲಿ ಇದೆ. ಎರಡು ಪ್ರತಿ ಇದ್ದವರಲ್ಲೂ, ಅಷ್ಟೇ ಫೋಲಿಕ್ ಆಮ್ಲ ತೆಗೆದುಕೊಂಡರೆ, ರಕ್ತದ ಫೋಲೇಟ್ ಮಟ್ಟ ಸುಮಾರು 16% ಮಾತ್ರ ಕಡಿಮೆ. ದೇಹ ಅದನ್ನು ಬಳಸಿಕೊಳ್ಳುತ್ತದೆ. 1991ರ ಬ್ರಿಟಿಷ್ ಪ್ರಯೋಗದಲ್ಲಿ, ಒಮ್ಮೆ ಬೆನ್ನುಹುರಿಯ ದೋಷ ಇರುವ ಮಗು ಹುಟ್ಟಿದ್ದ ತಾಯಂದಿರಲ್ಲಿ ಅದು ಮತ್ತೆ ಆಗುವುದನ್ನು ಫೋಲಿಕ್ ಆಮ್ಲ 72% ತಗ್ಗಿಸಿತು. ಮಗು ಬೇಕು ಎಂದುಕೊಂಡವರು ಜೀನ್ ಏನೇ ಇರಲಿ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು, ಗರ್ಭ ನಿಲ್ಲುವ ಮೊದಲೇ. ಹಿಂದೆ ಇಂಥ ಮಗು ಹುಟ್ಟಿದ್ದರೆ ಪ್ರಮಾಣ ತುಂಬಾ ಹೆಚ್ಚು, ಅದನ್ನು ವೈದ್ಯರೇ ಹೇಳಬೇಕು.

ಮಗ ಕಹಿ ತರಕಾರಿ ಮುಟ್ಟುವುದೇ ಇಲ್ಲ. ನಾಟಕ ಆಡ್ತಾನಾ?

ಆಡದೇ ಇರಬಹುದು. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದವನು ಕಹಿ ಕಹಿ ಎಂದ, ಫಾಕ್ಸ್‌ಗೆ ಏನೂ ರುಚಿಯೇ ಇಲ್ಲ. ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ಟಿಎಎಸ್2ಆರ್38 ಅನ್ನುವ ಜೀನ್ ಎಂದು ಆಮೇಲೆ ಗೊತ್ತಾಯಿತು. ಎಲೆಕೋಸು, ಬ್ರೊಕೊಲಿಯಂಥವು ಕೆಲವು ಮಕ್ಕಳಿಗೆ ನಿಮಗಿಂತ ನಿಜವಾಗಿಯೂ ಜಾಸ್ತಿ ಕಹಿ. ಒತ್ತಾಯ ಬೇಡ. ಬೇಯಿಸುವ ರೀತಿ ಬದಲಿಸಿ, ಚೂರು ಉಪ್ಪು ಹಾಕಿ, ಆಗಾಗ ತಟ್ಟೆಗೆ ಬಡಿಸುತ್ತಿರಿ.

ಒಂದೇ ಜೀನ್ ಇರುವ ಅವಳಿಗಳಿಗೆ ಒಂದೇ ಊಟ ಒಂದೇ ಥರ ಹಿಡಿಸುತ್ತಾ?

ಇಲ್ಲ, ಇದು ಎಲ್ಲರಿಗೂ ಅಚ್ಚರಿ ತರುವ ಸಂಗತಿ. ಸಾವಿರಕ್ಕೂ ಹೆಚ್ಚು ಜನರಿಗೆ, ಅವರಲ್ಲಿ ಬಹಳಷ್ಟು ಅವಳಿಗಳಿಗೆ, ಅಳೆದ ಊಟ ಕೊಟ್ಟು ರಕ್ತ ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಬಂತು. ತದ್ರೂಪಿ ಅವಳಿಗಳಲ್ಲೂ ಊಟದ ನಂತರ ಸಕ್ಕರೆ ಮತ್ತು ಕೊಬ್ಬು ಏರುವ ರೀತಿ ಬೇರೆಯಾಗಿತ್ತು. ಕರುಳಿನ ಬ್ಯಾಕ್ಟೀರಿಯಾ, ಊಟದ ಹೊತ್ತು, ನಿದ್ದೆ, ನಡೆದಾಟ, ಎಲ್ಲದರದ್ದೂ ಪಾಲಿದೆ.

ಹಾಗಾದರೆ ಡಯಟ್‌ಗೆ ಜೀನ್ ಟೆಸ್ಟ್ ಮಾಡಿಸಲಾ, ಬೇಡವಾ?

ಆರೋಗ್ಯವಾಗಿದ್ದು, ಸುಮ್ನೆ ಯಾವ ಊಟ ಸರಿ ಎಂದು ತಿಳಿಯಲಿಕ್ಕಾದರೆ ಬೇಡ. ಯುರೋಪಿನ ಏಳು ದೇಶಗಳಲ್ಲಿ ನಡೆದ ಫುಡ್‌ಫೋರ್‌ಮಿ ಪ್ರಯೋಗದಲ್ಲಿ ಸುಮಾರು 1,600 ಜನರಿದ್ದರು. ಅವರವರ ಊಟ ನೋಡಿ ಕೊಟ್ಟ ಸಲಹೆ, ಎಲ್ಲರಿಗೂ ಒಂದೇ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡಿತು. ಅದಕ್ಕೆ ಜೀನ್ ಮಾಹಿತಿ ಸೇರಿಸಿದಾಗ? ಹೆಚ್ಚಿನ ಲಾಭ ಏನೂ ಆಗಲಿಲ್ಲ. ಸಾಮಾನ್ಯವಾಗಿ ಇಂಥ ರಿಪೋರ್ಟ್‌ನ ಹಲವು ಪುಟ ತಿರುವಿ ಹಾಕಿದರೆ ಕೊನೆಗೆ ಸಿಗುವುದು ತರಕಾರಿ ತಿನ್ನಿ, ಸಕ್ಕರೆ ಕಡಿಮೆ ಮಾಡಿ, ನಡೆಯಿರಿ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಅದೇ.

ತೊಂದರೆ ಆಗುವ ಸಾಧ್ಯತೆಯೂ ಇದೆ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಜನರಿಗೆ ಜೀನ್ ಫಲಿತಾಂಶ ಎಂದು ಬೇಕೆಂದೇ ಚೀಟಿ ಎತ್ತಿದ ಹಾಗೆ ಏನೋ ಒಂದು ಹೇಳಿದರು. "ನಿಮಗೆ ಬೇಗ ಹೊಟ್ಟೆ ತುಂಬುವ ಜೀನ್ ಇದೆ" ಎಂದು ಕೇಳಿಸಿಕೊಂಡವರಿಗೆ ಅದೇ ಊಟಕ್ಕೆ ತೃಪ್ತಿ ಜಾಸ್ತಿಯಾಯಿತು, ತೃಪ್ತಿಯ ಹಾರ್ಮೋನ್ ಕೂಡ ಮೊದಲಿಗಿಂತ ಎರಡೂವರೆ ಪಟ್ಟು ಏರಿತು. "ನಿಮ್ಮ ಜೀನ್ ವ್ಯಾಯಾಮಕ್ಕೆ ಸರಿಯಿಲ್ಲ" ಎಂದು ಕೇಳಿದವರು ಓಡುವಾಗ ಬೇಗ ಸುಸ್ತಾದರು. ನಿಜವಾದ ಜೀನ್ ಏನಿತ್ತು ಅನ್ನುವುದಕ್ಕಿಂತ ಕಿವಿಗೆ ಬಿದ್ದ ಮಾತೇ ಕೆಲವು ಕಡೆ ಹೆಚ್ಚು ಕೆಲಸ ಮಾಡಿತ್ತು.

ಟೆಸ್ಟ್ ಬೇಕಾದ ಸಂದರ್ಭಗಳು ಬೇರೆ: ಮನೆಯಲ್ಲಿ ಸಣ್ಣ ವಯಸ್ಸಿನ ಹೃದಯಾಘಾತ, ಕಾರಣ ತಿಳಿಯದ ಕಬ್ಬಿಣದ ಏರಿಕೆ, ಶಿಶುವಿಗೆ ಯಾವುದೋ ಆಹಾರದಿಂದ ಪದೇ ಪದೇ ವಾಂತಿ. ಅಂಥಲ್ಲಿ ವೈದ್ಯರ ಮೂಲಕ, ನಿರ್ದಿಷ್ಟ ಜೀನ್‌ಗೆ ಮಾಡಿಸಿ. ನವಜಾತ ಶಿಶುವಿನ ಹಿಮ್ಮಡಿ ರಕ್ತದ ಪರೀಕ್ಷೆ ಇದ್ದರೆ ಅದನ್ನಂತೂ ತಪ್ಪಿಸಲೇಬೇಡಿ.

ಈಗಾಗಲೇ ಮಾಡಿಸಿಬಿಟ್ಟಿದ್ದೇನೆ. ರಿಪೋರ್ಟ್ ಏನು ಮಾಡಲಿ?

"ಕಾರ್ಬ್ ಸಂವೇದನೆ: ಅಧಿಕ", "ವಿಟಮಿನ್ ಡಿ ಅಗತ್ಯ: ಮಧ್ಯಮ" ಎಂದು ಕೆಂಪು ಹಸಿರು ಬಣ್ಣ ಹಚ್ಚಿದ ಪುಟಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ವಿಟಮಿನ್ ಡಿ ಎಷ್ಟಿದೆ ಎಂದು ರಕ್ತ ಪರೀಕ್ಷೆಯೇ ನೇರವಾಗಿ ಹೇಳುತ್ತದೆ. ಜೊತೆಗೆ ಸಿಗುವ ಔಷಧಿ, ಸಪ್ಲಿಮೆಂಟ್ ಪಟ್ಟಿ ಅದೇ ಕಂಪನಿಯದ್ದಾಗಿದ್ದರೆ ಇನ್ನೂ ಅನುಮಾನ ಇರಲಿ.

ಗಂಭೀರವಾದದ್ದು ಬಂದಿದ್ದರೆ, ಉದಾಹರಣೆಗೆ ಕೌಟುಂಬಿಕ ಕೊಲೆಸ್ಟ್ರಾಲ್ ಅಥವಾ ಕ್ಯಾನ್ಸರ್ ಜೀನ್, ಮೊದಲು ಅದು ನಿಜವಾ ಎಂದು ನೋಡಿ. ಜನ ನೇರವಾಗಿ ಕೊಳ್ಳುವ ಟೆಸ್ಟ್‌ಗಳ ಕಚ್ಚಾ ಮಾಹಿತಿಯಲ್ಲಿ ಕಂಡ ಬದಲಾವಣೆಗಳನ್ನು ವೈದ್ಯಕೀಯ ಲ್ಯಾಬ್‌ನಲ್ಲಿ ಮರುಪರೀಕ್ಷಿಸಿದ 2018ರ ಒಂದು ಅಧ್ಯಯನದಲ್ಲಿ 40% ಸುಳ್ಳು ಎಂದು ಗೊತ್ತಾಯಿತು. ಆದ್ದರಿಂದ ವೈದ್ಯಕೀಯ ಲ್ಯಾಬ್‌ನಲ್ಲಿ ಹೊಸದಾಗಿ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳುವವರೆಗೆ ಮಾತ್ರೆ ಶುರುಮಾಡುವುದು, ಇರುವ ಮಾತ್ರೆ ನಿಲ್ಲಿಸುವುದು, ಊಟದಿಂದ ಏನನ್ನಾದರೂ ಪೂರ್ತಿ ತೆಗೆಯುವುದು, ಯಾವುದೂ ಬೇಡ. ಎಲ್ಲ ಸರಿಯಿದೆ ಎಂದು ಹಸಿರು ಬಣ್ಣ ಬಂದಿದ್ದರೂ ಮಾತು ಅಷ್ಟೇ: ಈ ಟೆಸ್ಟ್‌ಗಳು ಬಹಳ ಸಲ ಒಂದು ಜೀನ್‌ನ ಒಂದೆರಡು ಜಾಗ ಮಾತ್ರ ನೋಡುತ್ತವೆ, ಉಳಿದ ಸಾವಿರಾರು ಅಕ್ಷರಗಳನ್ನು ಓದಿರುವುದೇ ಇಲ್ಲ.